ವಾಲಿದ ಗೋಪುರ, ಮುಚ್ಚಿದ ಬಾವಿ



ಚೀನಾ ಅಂದ ತಕ್ಷಣ ನಮ್ಮ ಟಿವಿ ಪರದೆ ಮೇಲೆ ಏನು ಬರುತ್ತೆ? ಗಡಿ, ಸೈನಿಕರು, ಇಲ್ಲಾಂದ್ರೆ ಮೊಬೈಲ್ ಫೋನು. ಇವತ್ತು ಅದನ್ನೆಲ್ಲ ಪಕ್ಕಕ್ಕಿಟ್ಟು ಒಂದು ಊರಿಗೆ ಹೋಗಿ ಬರೋಣ. ಊರಿನ ಹೆಸರು ಷಿಯಾನ್. 2015ರ ಮೇ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿ ಚೀನಾಕ್ಕೆ ಹೋದಾಗ ಮೊದಲು ಇಳಿದದ್ದು ರಾಜಧಾನಿ ಬೀಜಿಂಗ್‌ನಲ್ಲಲ್ಲ, ಇದೇ ಷಿಯಾನ್‌ನಲ್ಲಿ. ಅಧ್ಯಕ್ಷ ಷಿ ಜಿನ್‌ಪಿಂಗ್ ಅಲ್ಲಿ ಅವರನ್ನು ಒಂದು ಬೌದ್ಧ ದೇವಾಲಯಕ್ಕೆ ಕರೆದುಕೊಂಡು ಹೋದರು.

ಯಾಕೆ ಅದೇ ದೇವಾಲಯ? ಅದು ಹುಯೆನ್‌ತ್ಸಾಂಗ್‌ನ ಜಾಗ, ಅದಕ್ಕೆ. ಹೌದು, ಶಾಲೆಯ ಇತಿಹಾಸದ ಪುಸ್ತಕದಲ್ಲಿ ನೀವು ಓದಿದ ಅದೇ ಹುಯೆನ್‌ತ್ಸಾಂಗ್. ಭಾರತವನ್ನೆಲ್ಲ ಸುತ್ತಿ 645ರಲ್ಲಿ ತನ್ನ ದೇಶಕ್ಕೆ ಮರಳಿದಾಗ ಆತನ ಹತ್ತಿರ ಇದ್ದದ್ದು 657 ಗ್ರಂಥಗಳು. ಅವನ್ನು ಬೆಂಕಿಯಿಂದ ಕಾಪಾಡಬೇಕು ಅಂತ 652ರಲ್ಲಿ ಅಲ್ಲೊಂದು ಗೋಪುರ ಎದ್ದಿತು. ಅದರ ಹೆಸರು ದೊಡ್ಡ ಹೆಬ್ಬಾತಿನ ಗೋಪುರ. ಇವತ್ತಿಗೂ ನಿಂತಿದೆ. ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ.

ಕನ್ನಡಿಗರಿಗೆ ಈ ಮನುಷ್ಯ ಪರಕೀಯನಲ್ಲ. ಹರ್ಷವರ್ಧನನನ್ನು ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ ಅಂತ ನಮ್ಮ ಐಹೊಳೆ ಶಾಸನ ಹೇಳುತ್ತೆ. ಸರಿ, ಅದನ್ನು ಬರೆದ ರವಿಕೀರ್ತಿ ಪುಲಿಕೇಶಿಯದೇ ಆಶ್ರಯದ ಕವಿ. ಹೊಗಳದೆ ಇರ್ತಾನಾ? ಆದರೆ ಹುಯೆನ್‌ತ್ಸಾಂಗ್‌ಗೆ ಆ ಹಂಗಿರಲಿಲ್ಲ. ಹರ್ಷನ ಆದರ ಪಡೆದವನು ಆತ. ಅಂಥವನೇ ಬರೆದಿಟ್ಟಿದ್ದಾನೆ, ಹರ್ಷನಿಗೆ ಈ ದಕ್ಷಿಣದ ದೊರೆಯನ್ನು ಬಗ್ಗಿಸಲಾಗಲಿಲ್ಲ ಅಂತ. ನಮ್ಮ ಬಾದಾಮಿಯ ದೊರೆಗೆ ಹೊರಗಿನ ಸಾಕ್ಷಿ ಕೊಟ್ಟವನು ಕೂತು ಕೆಲಸ ಮಾಡಿದ ಊರು ಇದು ಸ್ವಾಮಿ!

ಈಗ ಆ ಊರು ಹೇಗಿದೆ? ಜನಸಂಖ್ಯೆ ಒಂದು ಕೋಟಿ ಮೀರಿದೆ. ಗಗನಚುಂಬಿ ಕಟ್ಟಡ, ಮಾಲು, ಮೆಟ್ರೋ ಎಲ್ಲವೂ ಇದೆ. ನಡುವೆ 14ನೇ ಶತಮಾನದ ಕೋಟೆಗೋಡೆ, ಹತ್ತಿರ ಹತ್ತಿರ 14 ಕಿಲೋಮೀಟರ್. ಅದರ ಮೇಲೆ ಸೈಕಲ್ ಬಾಡಿಗೆಗೆ ತಗೊಂಡು ಪೂರ್ತಿ ಒಂದು ಸುತ್ತು ಹೊಡೀಬಹುದು. ಕೋಟೆಯೊಳಗೆ ಮಿಂಗ್ ಕಾಲದ ಒಂದು ಮಸೀದಿ ಇದೆ. ಗುಮ್ಮಟ ಇಲ್ಲ, ಅಂಗಳದ ಮೇಲೆ ಅಂಗಳ, ಚೀನೀ ಹೆಂಚಿನ ಮಾಡು. ಗೋಪುರದ ದಕ್ಷಿಣಕ್ಕೆ ಒಂದು ದೊಡ್ಡ ಬೀದಿ ಇದೆ. ರಾತ್ರಿಯಾದರೆ ಸಾಕು, ಎಲ್ಲೆಲ್ಲೂ ದೀಪ. ತಾಂಗ್ ಕಾಲದ ಉಡುಪು ಬಾಡಿಗೆಗೆ ತೊಟ್ಟ ಹುಡುಗಿಯರು, ಎದುರಿಗೆ ಕ್ಯಾಮೆರಾ. ನೋಡೋಕೆ ಚೆಂದ. ಆದರೆ ಆ ಬೀದಿ ಹಳೇದಲ್ಲ, ನಿನ್ನೆ ಮೊನ್ನೆ ಕಟ್ಟಿದ್ದು.

ನಾನು ಇವತ್ತು ಹೇಳಬೇಕಾದ ವಿಷಯ ಆ ದೀಪದ ಬೀದಿಯಲ್ಲಿಲ್ಲ. ನೆಲದ ಕೆಳಗಿದೆ.

ಆ ಗೋಪುರ ಮೊದಲಿಂದಲೂ ಸ್ವಲ್ಪ ವಾಲಿತ್ತು. 1556ರ ಭೀಕರ ಭೂಕಂಪದಲ್ಲೂ ಪೆಟ್ಟು ತಿಂದಿತ್ತು. ಆದರೂ ನಿಂತಿತ್ತು. ಭೂಕಂಪ ಮಾಡದ ಕೆಲಸವನ್ನು ಇಪ್ಪತ್ತನೇ ಶತಮಾನದ ಬೋರ್‌ವೆಲ್‌ಗಳು ಮಾಡೋಕೆ ಹೊರಟವು. ಊರು ಬೆಳೆಯಿತು, ಕಾರ್ಖಾನೆ ಬಂದವು, ಎಲ್ಲರೂ ನೆಲ ಕೊರೆದು ನೀರು ಎತ್ತಿದರು. ನೀರು ಬರಿದಾದ ನೆಲ ಕುಸಿಯಿತು. 1996ರ ಹೊತ್ತಿಗೆ ಗೋಪುರದ ತುದಿ ಒಂದು ಮೀಟರ್‌ಗೂ ತುಸು ಹೆಚ್ಚು ವಾಲಿಬಿಟ್ಟಿತ್ತು. ಸಾವಿರದ ಮುನ್ನೂರು ವರ್ಷದ ಗೋಪುರ, ನಮ್ಮ ನಿಮ್ಮಂಥವರ ನಲ್ಲಿ ನೀರಿಗೆ ಬಲಿಯಾಗೋದರಲ್ಲಿತ್ತು.

ಆಗ ಏನು ಮಾಡಿದರು? ಸುತ್ತಮುತ್ತಲಿನ ಕೊಳವೆಬಾವಿಗಳನ್ನು ಮುಚ್ಚಿಸಿದರು. ಊರಿಗೆ ದೂರದ ನದಿಯಿಂದ ನೀರು ತಂದರು. ನೆಲಕ್ಕೆ ಉಸಿರಾಡೋಕೆ ಬಿಟ್ಟರು. ಗೋಪುರ ವಾಲೋದು ನಿಂತಿತು. ಅಷ್ಟೇ ಅಲ್ಲ, ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು ಹಿಂದಕ್ಕೆ ಬರೋಕೆ ಶುರುವಾಯಿತು. ಒಂದು ಮಿಲಿಮೀಟರ್! ಅದನ್ನು ಯಾವ ಸೆಲ್ಫಿಯೂ ಹಿಡಿಯೋಲ್ಲ. 2011ರಲ್ಲಿ ಶುರುವಾದ ಮೆಟ್ರೋ ಮಾರ್ಗವೂ ಅಷ್ಟೇ. ಊರಿನ ನಟ್ಟನಡುವಿನ ಗಂಟೆ ಗೋಪುರದ ನೇರ ಕೆಳಗೆ ಅದು ಹೋಗೋದಿಲ್ಲ, ಸುರಂಗ ಬಳಸಿಕೊಂಡು ಹೋಗುತ್ತೆ.

ಹಾಗಾದ್ರೆ ಅಲ್ಲಿ ಎಲ್ಲವೂ ಸರಿ ಇದೆಯಾ? ಖಂಡಿತ ಇಲ್ಲ. ಇದೇ ದೇಶದ ರಾಜಧಾನಿಯಲ್ಲಿ ಹಳೇ ಕೋಟೆಗೋಡೆಯನ್ನು ಬಹುಪಾಲು ಕೆಡವಿ ರಸ್ತೆ, ಮೆಟ್ರೋ ಮಾಡಿದರು. 1966ರಿಂದ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ದೇಶದ ಉದ್ದಗಲಕ್ಕೂ ಗುಡಿಗಳನ್ನು ಒಡೆದರು, ಭಿಕ್ಷುಗಳನ್ನು ಓಡಿಸಿದರು. ಷಿಯಾನ್‌ನಲ್ಲೇ ತಾಂಗ್ ಅರಮನೆಯ ಅವಶೇಷಗಳ ಮೇಲೆ ದೊಡ್ಡ ಉದ್ಯಾನ ಮಾಡಿ 2010ರಲ್ಲಿ ತೆರೆದರು. ಅದಕ್ಕಾಗಿ ಅಲ್ಲಿ ವಾಸವಿದ್ದ ಸಾವಿರಾರು ಕುಟುಂಬಗಳು ಜಾಗ ಖಾಲಿ ಮಾಡಬೇಕಾಯಿತು. ಇತಿಹಾಸ ಉಳಿಸಿದ್ದಕ್ಕೆ ಬೆಲೆ ತೆತ್ತವರು ಯಾರು ಅನ್ನೋದನ್ನೂ ಪ್ರವಾಸಿ ಕೇಳಬೇಕು. ಉದ್ಯಾನದ ಫಲಕದಲ್ಲಿ ರಾಜರ ಹೆಸರಿರುತ್ತೆ, ಬಡವರ ಹೆಸರಿರೋದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಈ ಊರಿಗೆ ಜಗತ್ತಿನ ಪ್ರವಾಸಿಗರನ್ನು ಎಳೆದು ತಂದದ್ದು ಜೇಡಿಮಣ್ಣಿನ ಸೈನಿಕರ ಪಡೆ. 1974ರಲ್ಲಿ ಅದು ಸಿಕ್ಕಿದ್ದು ಹೇಗೆ? ಊರಾಚೆ ರೈತರು ನೀರಿಗೆ ಅಂತ ಬಾವಿ ತೋಡುವಾಗ. ಒಂದು ಬಾವಿ ಇತಿಹಾಸವನ್ನು ಮೇಲಕ್ಕೆತ್ತಿತು. ನೂರಾರು ಬಾವಿಗಳು ಇತಿಹಾಸವನ್ನು ಬೀಳಿಸೋಕೆ ಹೊರಟಿದ್ದವು.

ನಿಮ್ಮಲ್ಲಿ ಯಾರಾದರೂ ಷಿಯಾನ್‌ಗೆ ಹೋದರೆ ದೀಪದ ಬೀದಿಯಲ್ಲಿ ಫೋಟೋ ತೆಗೆಸ್ಕೊಳ್ಳಿ, ಬೇಡ ಅನ್ನೋಲ್ಲ. ಆಮೇಲೆ ಗೋಪುರದ ಬುಡದಲ್ಲಿ ಐದು ನಿಮಿಷ ಸುಮ್ಮನೆ ನಿಂತ್ಕೊಳ್ಳಿ. ಹಳೇದನ್ನು ಕಾಪಾಡೋದು ಅಂದ್ರೆ ಬಣ್ಣ ಬಳಿದು ಲೈಟ್ ಹಾಕೋದಲ್ಲ. ನಮ್ಮ ಒಂದು ಅನುಕೂಲವನ್ನು ಬಿಟ್ಟುಕೊಡೋದು. ಷಿಯಾನ್ ಬಾವಿ ಮುಚ್ಚಿತು, ಗೋಪುರ ಉಳೀತು.

ಯೋಚನೆ ಮಾಡಿ.