ಗೆರೆ ಹಿಡಿದು ಓಡುವ ಗಾಡಿ
(ವಿಜ್ಞಾನ ಮೇಳದ ತಯಾರಿಗಾಗಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಕಪ್ಪು ಗೆರೆಯ ಮೇಲೆ ತಾನಾಗಿಯೇ ಓಡುವ ಪುಟ್ಟ ಗಾಡಿಯನ್ನು ವಿಜ್ಞಾನ ಮೇಳಗಳಲ್ಲಿ ನೀವು ನೋಡಿರುತ್ತೀರಿ. ಮನೆಯಲ್ಲಿ ಚೆನ್ನಾಗಿ ಓಡಿದ ಇಂಥ ಗಾಡಿ ಮೇಳದ ದಿನ ದಾರಿ ತಪ್ಪುವುದುಂಟು. ಆಗ ಕೆಲವರು ‘ಸೆನ್ಸರ್ ಹಾಳಾಗಿದೆ’ ಎನ್ನುತ್ತಾರೆ. ಇನ್ನು ಕೆಲವರು ‘ಇದೆಲ್ಲ ನಮ್ಮಂಥವರಿಗಲ್ಲ’ ಎಂದು ಕೈಚೆಲ್ಲುತ್ತಾರೆ. ಆದರೆ ಸೆನ್ಸರ್ ಸರಿಯಾಗಿಯೇ ಇರಬಹುದು. ಅದು ಏನನ್ನು ನೋಡುತ್ತದೆಂದು ತಿಳಿದರೆ ಸಾಕು, ತಪ್ಪು ನಮಗೇ ಸಿಗುತ್ತದೆ.

ಹೆಚ್ಚಾಗಿ ಬಳಕೆಯಲ್ಲಿರುವ ಟಿಸಿಆರ್‌ಟಿ 5000 ಸೆನ್ಸರಿನಲ್ಲಿ ಎರಡು ಭಾಗಗಳಿವೆ. ಒಂದು, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಿಡುವ ಎಲ್‌ಇಡಿ. ಇನ್ನೊಂದು, ನೆಲಕ್ಕೆ ಬಡಿದು ಮರಳುವ ಬೆಳಕನ್ನು ಹಿಡಿಯುವ ಫೋಟೋಟ್ರಾನ್ಸಿಸ್ಟರ್. ಬಿಳಿ ಹಾಳೆ ಈ ಬೆಳಕನ್ನು ಹೆಚ್ಚು ಮರಳಿಸುತ್ತದೆ, ಕಪ್ಪು ಟೇಪು ಹೀರಿಕೊಳ್ಳುತ್ತದೆ. ಗೆರೆಯ ಎರಡೂ ಬದಿಗೆ ಒಂದೊಂದು ಸೆನ್ಸರ್ ಇಟ್ಟರೆ, ಎಡದ್ದು ಕಪ್ಪನ್ನು ಕಂಡಾಗ ಗಾಡಿ ಎಡಕ್ಕೆ, ಬಲದ್ದು ಕಂಡಾಗ ಬಲಕ್ಕೆ ತಿರುಗಬೇಕು.

ಸೆನ್ಸರಿಗೆ ಬಣ್ಣ ಗೊತ್ತಿಲ್ಲ, ಮರಳಿದ ಬೆಳಕಿನ ಪ್ರಮಾಣ ಮಾತ್ರ ಗೊತ್ತು. ಆದ್ದರಿಂದ ಮೂರು ವಿಷಯ ನೆನಪಿಡಿ.

ಮೊದಲನೆಯದು, ಎತ್ತರ. ಸೆನ್ಸರ್ ನೆಲದಿಂದ ಕೆಲವೇ ಮಿಲಿಮೀಟರ್ ಮೇಲಿರಲಿ. ದೂರವಾದಷ್ಟೂ ಮರಳುವ ಬೆಳಕು ಕಡಿಮೆಯಾಗಿ ಕಪ್ಪು ಬಿಳುಪಿನ ವ್ಯತ್ಯಾಸ ಅಳಿಸಿಹೋಗುತ್ತದೆ.

ಎರಡನೆಯದು, ಗೆರೆ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಶಾಯಿಗಳು ಅವಗೆಂಪು ಬೆಳಕನ್ನು ಹೀರುವುದಿಲ್ಲ. ಸೆನ್ಸರಿಗೆ ಅಂಥ ಗೆರೆ ಇಲ್ಲವೇ ಇಲ್ಲ! ಮೊದಲೇ ಪರೀಕ್ಷಿಸಿ.

ಮೂರನೆಯದು, ಸುತ್ತಲಿನ ಬೆಳಕು. ಬಿಸಿಲಿನಲ್ಲೂ ಹಳೆಯ ತಂತಿ ಬಲ್ಬಿನಲ್ಲೂ ಅವಗೆಂಪು ಬೆಳಕು ಧಾರಾಳವಾಗಿದೆ. ಮನೆಯ ಕೋಣೆಯಲ್ಲಿ ಸರಿಹೊಂದಿಸಿದ ಗಾಡಿ ಕಿಟಕಿಯ ಪಕ್ಕದ ಮೇಜಿನ ಮೇಲೆ ತಬ್ಬಿಬ್ಬಾಗುವುದು ಇದರಿಂದಲೇ. ಸೆನ್ಸರಿನ ಸುತ್ತ ಕಪ್ಪು ರಟ್ಟಿನ ಮರೆ ಕಟ್ಟಿ.

ಮೇಳದ ದಿನ ಗಾಡಿ ಓಡುವ ಜಾಗದಲ್ಲೇ ಅಳತೆ ತೆಗೆದುಕೊಳ್ಳಿ. ಆರ್ಡುಯಿನೊ ಊನೊ ಬೋರ್ಡು ಸೆನ್ಸರಿನ ವೋಲ್ಟೇಜನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಕೊಡುತ್ತದೆ. ಬಿಳಿಯ ಮೇಲೆ 100, ಕಪ್ಪಿನ ಮೇಲೆ 800 ಬಂದಿತೆನ್ನಿ, ನಡುವಿನ 450ನ್ನು ಗಡಿಯಾಗಿಡಿ. ಸಂಖ್ಯೆ ಕೊಡದೆ ಹೌದು-ಅಲ್ಲ ಎಂದಷ್ಟೇ ಹೇಳುವ ಮಾಡ್ಯೂಲಾದರೆ, ಅದರ ಮೇಲಿನ ಪುಟ್ಟ ತಿರುಪನ್ನು ತಿರುಗಿಸಿ ಗಡಿ ಹೊಂದಿಸಿ.

ಮಕ್ಕಳೇ, ಸಿದ್ಧ ಪ್ರೋಗ್ರಾಂ ಯಾರಾದರೂ ಕೊಟ್ಟಾರು, ನಿಮ್ಮ ಮೇಜಿನ ಅಳತೆಯನ್ನು ನೀವೇ ತೆಗೆಯಬೇಕು. ಆ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಡಿ. ತೀರ್ಪುಗಾರರು ‘ಏಕೆ ಹೀಗೆ?’ ಎಂದು ಕೇಳಿದಾಗ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.