ಕಾರಿನಲ್ಲೂ ಮಗುವಿಗೊಂದು ತೊಟ್ಟಿಲು

(ಹೆರಿಗೆ ವಾರ್ಡಿನ ತಾಯಂದಿರು ಹಾಗೂ ಸಂಬಂಧಿಕರಿಗೆ ನೀಡಿದ ಆರೋಗ್ಯ ಉಪನ್ಯಾಸ)



ಇಂದೋ ನಾಳೆಯೋ ನಿಮಗೆ ಡಿಸ್ಚಾರ್ಜ್ ಆಗುತ್ತದೆ. ಎದೆಹಾಲು, ಚುಚ್ಚುಮದ್ದು, ಹೊಕ್ಕುಳಿನ ಆರೈಕೆ ಎಲ್ಲವನ್ನೂ ಆಗಲೇ ಹೇಳಿದ್ದೇವೆ. ಇವತ್ತು ಆಸ್ಪತ್ರೆ ಬಾಗಿಲಿನಿಂದ ಮನೆ ಬಾಗಿಲಿನವರೆಗಿನ ದಾರಿಯ ಬಗ್ಗೆ ಮಾತಾಡೋಣ.

ಮಗುವನ್ನು ಕಾರಿನಲ್ಲಿ ಹೇಗೆ ಕರೆದೊಯ್ಯುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ತಾಯಿ ತೊಡೆ ಮೇಲೆ ಸಿಸ್ಟರ್, ಅದಕ್ಕಿಂತ ಭದ್ರ ಜಾಗ ಯಾವುದಿದೆ?" ನಾನೂ ಹಾಗೇ ನಂಬಿದ್ದೆ. ನನ್ನ ಮಗಳನ್ನು ತವರಿಗೆ ಕರೆದೊಯ್ಯುವಾಗ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಊರ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ನಮ್ಮ ಮನೆಯವರು ಬ್ರೇಕ್ ಒತ್ತಿದರು. ಕಾರು ಜೋರಾಗೇನೂ ಹೋಗುತ್ತಿರಲಿಲ್ಲ. ಆದರೂ ಮಗು ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ತಲೆ ಬಡಿಯಿತು. ಹಣೆ ಊದಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ನರ್ಸ್ ಆಗಿದ್ದೂ ನನಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತಾಗ ಒಳಗಿದ್ದವರು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾರೆ. ಆ ಕ್ಷಣದಲ್ಲಿ 5 ಕಿಲೋ ತೂಕದ ಮಗುವನ್ನು ಹಿಡಿದಿಡಲು 100 ಕಿಲೋಗೂ ಮಿಕ್ಕ ಭಾರ ತಡೆಯುವ ಬಲ ಬೇಕು. ಎಂದರೆ ಎರಡು ಅಕ್ಕಿ ಮೂಟೆ! ಯಾವ ತಾಯಿಯ ತೋಳಿಗೂ ಆ ಶಕ್ತಿ ಇಲ್ಲ. ತಾಯಿಯೂ ಬೆಲ್ಟ್ ಹಾಕಿರದಿದ್ದರೆ ಅವಳ ಭಾರವೇ ಮಗುವನ್ನು ಜಜ್ಜುತ್ತದೆ.

ಇದನ್ನು ಜನರಿಗೆ ಒಪ್ಪಿಸುವುದು ಎಲ್ಲೂ ಸುಲಭವಾಗಿರಲಿಲ್ಲ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಹೋರಾಡಿ 1977ರಲ್ಲಿ ಆ ದೇಶದ ಮೊದಲ ಮಕ್ಕಳ ಸೀಟಿನ ಕಾನೂನು ತಂದರು. ಆದರೆ ದೊಡ್ಡವರು ತೊಡೆಯ ಮೇಲೆ ಕೂರಿಸಿಕೊಂಡರೆ ಸೀಟು ಬೇಡ ಎಂಬ ವಿನಾಯಿತಿಯೂ ಅದರಲ್ಲಿ ಸೇರಿತು. ಆ ವಿನಾಯಿತಿ ತೆಗೆದುಹಾಕಲು 1981ರವರೆಗೆ ಕಾಯಬೇಕಾಯಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ಸೀಟನ್ನು ಸರಿಯಾಗಿ ಬಳಸಿದರೆ ಕಾರು ಅಪಘಾತದಲ್ಲಿ ಸಾವಿನ ಅಪಾಯ ಒಂದು ವರ್ಷದೊಳಗಿನ ಶಿಶುಗಳಲ್ಲಿ ಶೇ. 71ರಷ್ಟು, 1ರಿಂದ 4 ವರ್ಷದವರಲ್ಲಿ ಶೇ. 54ರಷ್ಟು ಕಡಿಮೆಯಾಗುತ್ತದೆ ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯ ಲೆಕ್ಕ ಹೇಳುತ್ತದೆ.

ಈಗ ನೆನಪಿಡಬೇಕಾದ ಅಂಶಗಳು:

1. ಕೂಸಿನ ಸೀಟು ಹಿಂದಿನ ಸೀಟಿನ ಮೇಲಿರಲಿ, ಮಗುವಿನ ಮುಖ ಕಾರಿನ ಹಿಂಬದಿಗಿರಲಿ. ಕೂಸಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಹೀಗೆ ಕೂರಿಸಿದರೆ ಪೆಟ್ಟಿನ ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಸೀಟಿನ ತೂಕ-ಎತ್ತರದ ಮಿತಿ ಮುಗಿಯುವವರೆಗೂ ಹೀಗೇ ಇರಲಿ.

2. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಂಥ ಸೀಟನ್ನು ಎಂದೂ ಇಡಬೇಡಿ. ಅದು ಉಬ್ಬುವ ಹೊಡೆತ ಕೂಸಿನ ತಲೆಗೇ ಬೀಳುತ್ತದೆ.

3. ಕೌದಿಯಲ್ಲಿ ಸುತ್ತಿ ಬೆಲ್ಟ್ ಹಾಕಬೇಡಿ, ಬೆಲ್ಟ್ ಸಡಿಲವಾಗುತ್ತದೆ. ಮೊದಲು ಬೆಲ್ಟ್ ಬಿಗಿಯಿರಿ, ಆಮೇಲೆ ಕೌದಿ ಹೊದಿಸಿ. ಹೆಗಲ ಮೇಲಿನ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು.

4. ಅಪಘಾತವಾದ ಕಾರಿನ ಹಳೆಯ ಸೀಟನ್ನು ಕೊಳ್ಳಬೇಡಿ.

5. ದೊಡ್ಡ ಮಕ್ಕಳಿಗೆ ಎತ್ತರದ ಬೂಸ್ಟರ್ ಸೀಟು ಬೇಕು. ಸುಮಾರು 4 ಅಡಿ 9 ಇಂಚು ಎತ್ತರ ಬರುವವರೆಗೆ ಕಾರಿನ ಬೆಲ್ಟ್ ಅವರ ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ.

ನಮ್ಮಲ್ಲೂ ಕಾನೂನು ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದಿದ್ದರೆ 1,000 ರೂ. ದಂಡ. ಬೈಕಿನಲ್ಲಿ ಓಡಾಡುವವರೂ ಕೇಳಿ: 2023ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮದಂತೆ 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್ ಇರಬೇಕು, ಸವಾರನಿಗೆ ಮಗುವನ್ನು ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿ.ಮೀ. ಮೀರಬಾರದು.

"ಸೀಟಿಗೆ ಬಹಳ ದುಡ್ಡಾಗುತ್ತದಲ್ಲ ಸಿಸ್ಟರ್" ಎನ್ನುತ್ತೀರಿ. ನಿಜ. ಆದರೆ ತೊಟ್ಟಿಲ ಕಾರ್ಯಕ್ಕೆ ಬಂಧುಗಳು ಬೆಳ್ಳಿ ಬಟ್ಟಲು, ಕಾಲ್ಗಡಗ, ಹತ್ತಾರು ಅಂಗಿ ತರುತ್ತಾರೆ. ಈ ಸಲ ಎಲ್ಲರೂ ಸೇರಿ ಒಂದು ಸೀಟು ಕೊಡಿಸಿ ಎಂದು ಬಾಯಿಬಿಟ್ಟು ಹೇಳಿ. ಅಲ್ಲಿಯವರೆಗೆ ಅನಿವಾರ್ಯವಾದರೆ ತಾಯಿ-ಮಗು ಹಿಂದಿನ ಸೀಟಿನಲ್ಲಿ ಕೂರಲಿ, ತಾಯಿ ಬೆಲ್ಟ್ ಹಾಕಿಕೊಳ್ಳಲಿ, ಆದರೆ ಅದೇ ಬೆಲ್ಟನ್ನು ಮಗುವಿಗೂ ಸೇರಿಸಿ ಸುತ್ತಬೇಡಿ. ಕಾರು ನಿಧಾನವಾಗಿ ಹೋಗಲಿ. ಇದು ಪೂರ್ಣ ರಕ್ಷಣೆಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಮಗು ಅತ್ತರೆ ಎತ್ತಿಕೊಳ್ಳಬೇಕೆಂದು ಕರುಳು ಎಳೆಯುತ್ತದೆ. ಆಗ ಕಾರನ್ನು ಬದಿಗೆ ನಿಲ್ಲಿಸಿ, ಎತ್ತಿಕೊಂಡು ಹಾಲುಣಿಸಿ, ಸಮಾಧಾನ ಮಾಡಿ. ಮತ್ತೆ ಸೀಟಿನಲ್ಲಿ ಮಲಗಿಸಿಯೇ ಹೊರಡಿ. ತೊಡೆಯ ಸುಖ ಮಗುವಿಗೆ ಮನೆಯಲ್ಲಿ ಬೇಕಾದಷ್ಟು ಸಿಗಲಿ.

ಸೀಟು ಕಟ್ಟುವುದು ತಿಳಿಯದಿದ್ದರೆ ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರನ್ನು ಕೇಳಿ. ಸಂಕೋಚ ಬೇಡ.