ಕಾಣೆಯಾದ ಗಂಡ, ಕಾದಿರುವ ಹೆಂಡತಿ

ಗಂಡ ಸತ್ತರೆ ಹೆಂಡತಿ ವಿಧವೆ. ತಲಾಖ್ ಕೊಟ್ಟರೆ ವಿಚ್ಛೇದಿತೆ. ಆದರೆ ಸಂತೆಗೆಂದೋ ದುಡಿಮೆಗೆಂದೋ ಮನೆಯಿಂದ ಹೊರಟ ಗಂಡ ಮರಳಿ ಬಾರದೇ ಹೋದರೆ? ಸತ್ತ ಸುದ್ದಿಯೂ ಇಲ್ಲ, ಬದುಕಿರುವ ಸುಳಿವೂ ಇಲ್ಲ. ಇಂಥವನನ್ನು ಇಸ್ಲಾಮೀ ನ್ಯಾಯಶಾಸ್ತ್ರ ‘ಮಫ್ಕೂದ್’ ಎಂದು ಕರೆಯುತ್ತದೆ. ಕಳೆದುಹೋದವನು ಎಂದು ಅದರ ಅರ್ಥ. ಅವನ ಹೆಂಡತಿ ಎಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸಿಕ್ಕಿದ ಬಗೆ ಕುತೂಹಲಕರವಾದುದು. ಷರೀಯತ್ ಎಂದರೆ ಕಲ್ಲಿನಲ್ಲಿ ಕೊರೆದ ಶಾಸನ, ಅದು ಅಲುಗುವುದಿಲ್ಲ ಎಂದು ನಂಬಿದವರು ಈ ಕಥೆಯನ್ನು ಕೇಳಲೇಬೇಕು.

ಸುನ್ನಿ ಮುಸ್ಲಿಮರಲ್ಲಿ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂಬ ನಾಲ್ಕು ನ್ಯಾಯಪಂಥಗಳಿವೆ. ಮೂಲ ಒಂದೇ ಆದರೂ ವ್ಯಾಖ್ಯಾನ ಬೇರೆ. ಉತ್ತರ ಭಾರತದಲ್ಲಿ ಹೆಚ್ಚಿನವರು ಹನಫಿಗಳು. ಕರ್ನಾಟಕದಲ್ಲಿಯೂ ಬಯಲುಸೀಮೆಯ ಬಹುಪಾಲು ಮುಸ್ಲಿಮರು ಹನಫಿಗಳೇ. ಭಟ್ಕಳದ ನವಾಯತರು ಮತ್ತು ಕರಾವಳಿಯ ಬ್ಯಾರಿಗಳು ಮಾತ್ರ ಶಾಫಿ ಪಂಥದವರು.

ಕಾಣೆಯಾದವನ ವಿಷಯದಲ್ಲಿ ಹನಫಿ ಪಂಥ ಬಹಳ ಬಿಗಿ. ಅವನ ಓರಗೆಯವರೆಲ್ಲ ತೀರಿಕೊಳ್ಳುವಷ್ಟು ಕಾಲ ಕಳೆಯಬೇಕು, ಆಗ ಮಾತ್ರ ಅವನು ಸತ್ತನೆಂದು ತಿಳಿಯಬಹುದು ಎಂಬುದು ಅದರ ನಿಲುವು. ಮುಂದಿನ ಪಂಡಿತರಲ್ಲಿ ಅನೇಕರು ಇದಕ್ಕೆ ಅವನ 90ನೆಯ ವಯಸ್ಸನ್ನು ಗಡುವಾಗಿಟ್ಟರು. ಲೆಕ್ಕ ಹಾಕಿ ನೋಡಿ. ಗಂಡ ಕಾಣೆಯಾದಾಗ ಅವನಿಗೆ 25, ಹೆಂಡತಿಗೆ 20 ವರ್ಷವಿದ್ದರೆ ಆಕೆ ಬಿಡುಗಡೆ ಪಡೆಯುವುದು 85ರ ಹರೆಯದಲ್ಲಿ! ಮಾಲಿಕಿ ಪಂಥದ ದಾರಿ ಬೇರೆ. ಎರಡನೆಯ ಖಲೀಫ ಉಮರ್ ಅವರ ತೀರ್ಪನ್ನು ಆಧರಿಸಿ ಅದು 4 ವರ್ಷದ ಗಡುವು ಇಟ್ಟಿತು. ಆ ಬಳಿಕ ವಿಧವೆಯಂತೆ 4 ತಿಂಗಳು 10 ದಿನ ‘ಇದ್ದತ್’ ಪಾಲಿಸಿ ಆಕೆ ಮರುಮದುವೆಯಾಗಬಹುದು.

ಬ್ರಿಟಿಷರ ಕಾಲದಲ್ಲಿ ಈ ಬಿಗಿ ಉರುಳೇ ಆಯಿತು. ಹನಫಿ ಗ್ರಂಥ ‘ಹಿದಾಯಾ’ 1791ರಲ್ಲಿ ಇಂಗ್ಲಿಷಿಗೆ ಬಂದಿತ್ತು. ನ್ಯಾಯಾಲಯಗಳು ಇಂಥ ಅನುವಾದಗಳನ್ನೇ ಹಿಡಿದು ತೀರ್ಪು ಕೊಡತೊಡಗಿದವು. ಊರಿನ ಪರಿಸ್ಥಿತಿ ನೋಡಿ ತೀರ್ಮಾನ ಮಾಡಬಲ್ಲ ಖಾಜಿಗಳ ನ್ಯಾಯಾಧಿಕಾರ 1864ರ ಕಾಯಿದೆಯೊಂದಿಗೆ ಕೊನೆಗೊಂಡಿತು. ಹೀಗೆ ಪುಸ್ತಕ ಉಳಿಯಿತು, ಅದನ್ನು ಸಂದರ್ಭಕ್ಕೆ ತಕ್ಕಂತೆ ಓದುವವನು ಹೋದ.

ಆಗ ಕೆಲವು ಹೆಂಗಸರು ಕಂಡುಕೊಂಡ ದಾರಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಧರ್ಮವನ್ನು ತೊರೆದರೆ ಮದುವೆ ತಾನಾಗಿ ಮುರಿಯುತ್ತದೆ ಎಂಬ ನಿಯಮವನ್ನು ನ್ಯಾಯಾಲಯಗಳು ಒಪ್ಪುತ್ತಿದ್ದವು. ಕಾಣೆಯಾದ ಗಂಡನಿಂದ, ಅನ್ನ ಹಾಕದ ಗಂಡನಿಂದ, ಹೊಡೆಯುವ ಗಂಡನಿಂದ ಬಿಡುಗಡೆ ಬೇಕಾದವರು ಮತಾಂತರ ಹೊಂದಿದರು. ಪಂಜಾಬಿನ ಇಂಥ ಪ್ರಕರಣಗಳನ್ನು ಕವಿ ಇಕ್ಬಾಲ್ 1930ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಎತ್ತಿ ಹೇಳಿದರು. ಗಂಡನನ್ನು ಬಿಡಲು ದೇವರನ್ನೇ ಬಿಡಬೇಕಾಗಿ ಬಂದ ಹೆಣ್ಣಿನ ಪಾಡು ಎಂಥದಿರಬೇಕು!

ಇದಕ್ಕೆ ಉತ್ತರ ಬಂದದ್ದು ಸುಧಾರಕರ ಪಾಳೆಯದಿಂದಲ್ಲ. ಥಾನಾ ಭವನದ ಮೌಲಾನಾ ಅಶ್ರಫ್ ಅಲಿ ಥಾನವಿ ದೇವಬಂದ್ ಪರಂಪರೆಯ ಕಟ್ಟಾ ಹನಫಿ ವಿದ್ವಾಂಸರು. ಧರ್ಮ ತೊರೆದರೆ ಮದುವೆ ಮುರಿಯುತ್ತದೆ ಎಂದು ಹಿಂದೆ ಫತ್ವಾ ನೀಡಿದ್ದವರೂ ಅವರೇ. ಅವರು ಮದೀನೆಯ ಮಾಲಿಕಿ ಮುಫ್ತಿಗಳಿಗೆ ಪತ್ರ ಬರೆದು ಅಭಿಪ್ರಾಯ ತರಿಸಿಕೊಂಡರು. 1931ರ ಸುಮಾರಿಗೆ ಹೊರಬಂದ ‘ಅಲ್ ಹೀಲತುನ್ ನಾಜಿಜಾ’ ಎಂಬ ಕೃತಿಯಲ್ಲಿ ಅವರು ತಮ್ಮ ಹಳೆಯ ಮಾತನ್ನು ಕೈಬಿಟ್ಟರು. ಧರ್ಮತ್ಯಾಗದಿಂದ ಮದುವೆ ಮುರಿಯದು. ಆದರೆ ತೀರಾ ಕಷ್ಟದ ಸಂದರ್ಭದಲ್ಲಿ ಹನಫಿಗಳು ಮಾಲಿಕಿ ನಿಯಮವನ್ನು ಅನುಸರಿಸಬಹುದು ಎಂದರು. ಖಾಜಿ ಇಲ್ಲದ ಕಡೆ ಸಜ್ಜನ ಮುಸ್ಲಿಮರ ಪಂಚಾಯಿತಿಯೇ ಅವನ ಸ್ಥಾನದಲ್ಲಿ ನಿಲ್ಲಬಹುದೆಂಬುದೂ ಮಾಲಿಕಿಗಳಿಂದ ತಂದದ್ದೇ. ಈಜಿಪ್ಟ್ 1920ರಲ್ಲಿಯೇ ಇದೇ 4 ವರ್ಷದ ನಿಯಮವನ್ನು ಕಾನೂನಾಗಿಸಿತ್ತು. ಅಲ್ಲಿ ಸರ್ಕಾರ ಮಾಡಿದ್ದನ್ನು ಇಲ್ಲಿ ಒಬ್ಬ ಮೌಲಾನಾ ಮಾಡಬೇಕಾಯಿತು.

ಮುಂದಿನ ಹೆಜ್ಜೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ. ಸದಸ್ಯ ಖಾಜಿ ಮುಹಮ್ಮದ್ ಅಹ್ಮದ್ ಕಾಜ್ಮಿ ಮಂಡಿಸಿದ ಮಸೂದೆ 1939ರ ಮಾರ್ಚ್ 17ರಂದು ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆಯಾಯಿತು. ಗಂಡನ ಸುಳಿವು 4 ವರ್ಷ ಸಿಗದಿದ್ದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, ಅವನಿಗೆ 7 ವರ್ಷ ಜೈಲಾದರೆ, ಕ್ರೌರ್ಯ ನಡೆಸಿದರೆ ಹೆಂಡತಿ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಬಹುದು. ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. ಅದನ್ನು ಕೈಬಿಟ್ಟದ್ದು 2019ರಲ್ಲಿ. ಧರ್ಮ ತೊರೆದ ಮಾತ್ರಕ್ಕೆ ಮದುವೆ ಮುರಿಯದು ಎಂದು 4ನೆಯ ಕಲಂ ಹೇಳಿತು.

ಕಾಣೆಯಾದವನ ಬಗ್ಗೆ ಕಾಯಿದೆ ಎಚ್ಚರಿಕೆಯಿಂದ ನಡೆದಿದೆ. ಅವನ ವಾರಸುದಾರರಿಗೆ ನೋಟಿಸು ಹೋಗಬೇಕು. ಚಿಕ್ಕಪ್ಪ ದೊಡ್ಡಪ್ಪಂದಿರು ಮತ್ತು ಸೋದರರಿದ್ದರೆ ಅವರು ವಾರಸುದಾರರಲ್ಲದಿದ್ದರೂ ಪ್ರಕರಣದಲ್ಲಿ ಕಕ್ಷಿಗಾರರಾಗಬೇಕು. ಡಿಕ್ರಿ 6 ತಿಂಗಳವರೆಗೆ ಜಾರಿಗೆ ಬರುವುದಿಲ್ಲ. ಅಷ್ಟರೊಳಗೆ ಗಂಡ ಪ್ರತ್ಯಕ್ಷನಾಗಿ ಸಂಸಾರ ನಡೆಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದು. ಬೀದರಿನ ಹನಫಿ ಹೆಣ್ಣಿಗೂ ಭಟ್ಕಳದ ಶಾಫಿ ಹೆಣ್ಣಿಗೂ ಇದು ಸಮನಾಗಿ ಅನ್ವಯಿಸುತ್ತದೆ.

ಉಲೇಮಾಗಳಿಗೆ ಒಂದು ಕೊರಗು ಉಳಿಯಿತು. ಇಂಥ ಪ್ರಕರಣಗಳನ್ನು ಮುಸ್ಲಿಂ ನ್ಯಾಯಾಧೀಶರೇ ವಿಚಾರಿಸಬೇಕೆಂಬ ಅಂಶ ಮೂಲ ಮಸೂದೆಯಲ್ಲಿತ್ತು, ಅದು ಬಿದ್ದುಹೋಯಿತು. ನ್ಯಾಯಾಲಯದ ಡಿಕ್ರಿ ಒಂದು, ಸಮುದಾಯ ಮತ್ತು ಮನಸ್ಸಾಕ್ಷಿಯ ಒಪ್ಪಿಗೆ ಇನ್ನೊಂದು ಎಂಬ ಒಡಕು ಅಲ್ಲಿಂದಲೇ ಬಂತೆನ್ನಬೇಕು. 1972ರಲ್ಲಿ ಕೇರಳ ಹೈಕೋರ್ಟು ಈ ಕಾಯಿದೆಯ ಹೊರಗೆ ಹೆಂಡತಿಗೆ ಬೇರೆ ದಾರಿಯಿಲ್ಲ ಎಂದಿತು. ‘ಖುಲಾ’ದಂಥ ನ್ಯಾಯಾಲಯದ ಹೊರಗಿನ ದಾರಿಗಳೂ ಸಿಂಧು ಎಂದು ಅದೇ ಹೈಕೋರ್ಟು ಹೇಳಿದ್ದು 2021ರಲ್ಲಿ, ನಡುವೆ ಅರ್ಧ ಶತಮಾನ ಸರಿದುಹೋಗಿತ್ತು.

ಈ ಒಡಕು ಎಲ್ಲಕ್ಕಿಂತ ನೋವಿನಿಂದ ಕಂಡದ್ದು ಕಾಶ್ಮೀರದಲ್ಲಿ. 1989ರ ನಂತರದ ಹಿಂಸಾಚಾರದಲ್ಲಿ ಕಾಣೆಯಾದ ಗಂಡಸರ ಹೆಂಡತಿಯರನ್ನು ಅಲ್ಲಿ ‘ಅರೆ ವಿಧವೆ’ಯರೆಂದು ಕರೆಯುತ್ತಾರೆ. ಮರುಮದುವೆ ಧರ್ಮಸಮ್ಮತವೇ ಎಂಬ ಅಳುಕಿನಲ್ಲಿ ವರ್ಷಗಟ್ಟಲೆ ಕಾದವರು ಇದ್ದಾರೆ. 2013ರ ಡಿಸೆಂಬರಿನಲ್ಲಿ ಶ್ರೀನಗರದಲ್ಲಿ ಸೇರಿದ ವಿವಿಧ ಪಂಥಗಳ ಉಲೇಮಾಗಳು, 4 ವರ್ಷ ಕಾದ ಮೇಲೆ ಅವರು ಮರುಮದುವೆಯಾಗಬಹುದೆಂದು ಒಮ್ಮತದಿಂದ ಹೇಳಿದರು. ಥಾನವಿಯವರ ಪುಸ್ತಕ ಬಂದು ಆಗ 80 ವರ್ಷ ದಾಟಿತ್ತು.

ಆಸ್ತಿಯ ಪ್ರಶ್ನೆ ಬೇರೆಯೇ ಇದೆ. ವ್ಯಕ್ತಿಯ ಸುದ್ದಿ 7 ವರ್ಷ ಇಲ್ಲದಿದ್ದರೆ ಸತ್ತನೆಂದು ಭಾವಿಸಬಹುದೆನ್ನುತ್ತಿತ್ತು 1872ರ ಸಾಕ್ಷ್ಯ ಅಧಿನಿಯಮ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನೂ ಅದನ್ನೇ ಉಳಿಸಿಕೊಂಡಿದೆ. ಹಾಗಾಗಿ 4 ವರ್ಷ ಕಳೆದ ಮೇಲೆ ಮದುವೆಯ ಬಂಧನದಿಂದ ಬಿಡುಗಡೆ ಕೇಳಬಹುದಾದ ಹೆಂಡತಿ, ಗಂಡನ ಹೊಲ ಮನೆಯಲ್ಲಿ ವಿಧವೆಯಾಗಿ ತನ್ನ ಪಾಲು ಕೇಳಬೇಕಾದರೆ ಇನ್ನೂ 3 ವರ್ಷ ಕಾಯಬೇಕಾಗುತ್ತದೆ.